ಮನೇಲಿ ಏನ್ ಸಾರು?

ಅರವತ್ತಾಗದೆ ನಿವೃತ್ತಿ ಎಂಬ ಪದವನ್ನು ಬಳಸಬಾರದು ಎಂದು ನಮ್ಮಪ್ಪನ ವಾದ. ಅವರು ಸರ್ಕಾರಿ ನೌಕರಿ ಮಾಡಿ, ಕೊನೆಯ ದಿನ ಶಾಲು ಹೊದಿಸಿಕೊಂಡು, ಹಣ್ಣಿನ ಬುಟ್ಟಿ ಹಿಡಿದು ಮನೆಗೆ ಬಂದವರು. ನನಗಿನ್ನೂ ನಲವತ್ತಾಗಿಲ್ಲ. ಆದರೆ ನಾನು ಪ್ರೀತಿಯಿಂದ ಮಾಡಿದ ಒಂದು ಕೆಲಸ ಮುಗಿದಿದೆ, ಅದನ್ನು ಮಾಡುತ್ತಿದ್ದ ಕೋಣೆಯಲ್ಲಿ ಈಗ ಎಕ್ಸ್‌ರೇ ಯಂತ್ರ ಕೂತಿದೆ, ಆ ಕೆಲಸಕ್ಕೆ ನಾನು ಮತ್ತೆ ಹೋಗುವುದಿಲ್ಲ. ಇದನ್ನು ನಿವೃತ್ತಿ ಎನ್ನದೆ ಇನ್ನೇನೆನ್ನಬೇಕು? ಅಪ್ಪ ಉತ್ತರ ಕೊಡಲಿಲ್ಲ. “ನಿನ್ನ ಹತ್ರ ಮಾತಾಡಿ ಗೆದ್ದೋರುಂಟಾ” ಎಂದು ಪೇಪರ್ ಎತ್ತಿಕೊಂಡರು. ಎದುರುಪಕ್ಷ ಉತ್ತರಿಸದಿದ್ದರೆ ನಮ್ಮ ಮಾತು ನಿಂತಂತೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತ ನಿಯಮ ಅದು. ಆದ್ದರಿಂದ ಇದು ನಿವೃತ್ತಿಯೇ.

ಕೆಲಸ ಏನಿತ್ತೆಂದು ಮೊದಲು ಹೇಳಿಬಿಡುತ್ತೇನೆ. ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಒಂದು ಅನಿಲವನ್ನು ಬಹಳ ಸಣ್ಣ ಪ್ರಮಾಣದಲ್ಲಿ ಮಾಸ್ಕಿನ ಮೂಲಕ ಉಸಿರಾಡಿಸಿ, ಅದರಿಂದ ಅವರಿಗೆ ಅಪಾಯವಾಗುತ್ತದೆಯೇ ಎಂದು ನೋಡುವುದು. ಗುಣವಾಗುತ್ತದೆಯೇ ಎಂದಲ್ಲ, ಅಪಾಯವಾಗುತ್ತದೆಯೇ ಎಂದು. ಈ ವ್ಯತ್ಯಾಸ ತಲೆಗೆ ಹೋಗದವರು ಈ ಕೆಲಸಕ್ಕೆ ಬರಬೇಡಿ. ಅನಿಲದ ಹೆಸರು ಕಾರ್ಬನ್ ಮಾನಾಕ್ಸೈಡ್. ಹೌದು, ಅದೇ. ಚಳಿಗೆ ಬಾಗಿಲು ಮುಚ್ಚಿ ಕೆಂಡ ಇಟ್ಟುಕೊಂಡು ಮಲಗಿದವರನ್ನು ಬೆಳಗಾಗುವುದರೊಳಗೆ ಕೊಲ್ಲುವ, ಬಣ್ಣವಿಲ್ಲದ, ವಾಸನೆಯಿಲ್ಲದ ಅದೇ ಗಾಳಿ.

ಇದನ್ನು ರೋಗಿಗೆ ಕೊಡುವ ಯೋಚನೆ ಯಾಕೆ ಬಂತು? ದಾನಿಯ ಹೊಟ್ಟೆಯಿಂದ ತೆಗೆದ ಕಿಡ್ನಿ ಐಸಿನಲ್ಲಿ ರಕ್ತವಿಲ್ಲದೆ ಕಾದಿರುತ್ತದೆ. ಹೊಸ ದೇಹದಲ್ಲಿ ಹೊಲಿದು ರಕ್ತ ಬಿಟ್ಟ ಕೂಡಲೇ, ಬಹಳ ಹೊತ್ತು ಹಸಿದವನು ಗಬಗಬ ತಿಂದು ಹೊಟ್ಟೆನೋವು ತಂದುಕೊಂಡ ಹಾಗೆ, ಅದು ಆ ರಕ್ತದಿಂದಲೇ ಘಾಸಿಗೊಳ್ಳುತ್ತದೆ. ಈ ಅನಿಲ ಚೂರೇ ಚೂರು ಇದ್ದರೆ ಆ ಘಾಸಿ ಕಡಿಮೆ ಎಂದು ಪ್ರಾಣಿಗಳಲ್ಲಿ ಕಂಡಿತ್ತು. ಮನುಷ್ಯರಲ್ಲಿ ಹೇಗೋ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಮೊದಲ ಮೆಟ್ಟಿಲು, ಇದು ಕೇಡು ಮಾಡುವುದಿಲ್ಲ ಎಂದು ಖಾತ್ರಿಪಡಿಸಿಕೊಳ್ಳುವುದು. ನನ್ನ ದುಡಿಮೆಯೆಲ್ಲ ಆ ಮೊದಲ ಮೆಟ್ಟಿಲಿನ ಮೇಲೇ ಕಳೆಯಿತು.

ಈಗ ಊರಿನಲ್ಲಿ ಇಂಥದೇ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರಿಬ್ಬರು ಮೊನ್ನೆ ನವುಲೆಯ ನನ್ನ ಮನೆಗೆ ಬಂದಿದ್ದರು. ಏನು ಓದಿಕೊಂಡು ಹೋಗಬೇಕು ಎಂದು ಕೇಳಿದರು. ಓದುವುದೆಲ್ಲ ಅವರ ಕಡತದಲ್ಲೇ ಇದೆ. ಕಡತದಲ್ಲಿ ಇಲ್ಲದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆಯುತ್ತಾ ಹೋದಂತೆ ಎಲ್ಲ ದಾರಿಗಳೂ ಭದ್ರಾವತಿಯ ಒಬ್ಬ ಹೆಂಗಸಿನ ಹತ್ತಿರವೇ ಹೋಗುತ್ತಿವೆ. ಆಕೆ ಗಂಡನಿಗೆ ಕೊಟ್ಟ ಕಿಡ್ನಿ ಒಂದು ಮಧ್ಯಾಹ್ನ ನಮ್ಮ ಕಣ್ಣೆದುರೇ ಹೋಗುವುದರಲ್ಲಿತ್ತು. ಅಲ್ಲಿಗೆ ತಲುಪುವ ಮುಂಚೆ ಒಂದೆರಡು ಮಾತು ಹೇಳಬೇಕು.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರು ಶ್ರೀಪಾದ ಡಾಕ್ಟರು, ಕಿಡ್ನಿ ವಿಭಾಗದ ಮುಖ್ಯಸ್ಥರು. ನಾನು ಫಾರ್ಮಸಿ ಓದಿದವಳು. ಸಂದರ್ಶನದಲ್ಲಿ ಅವರು ಔಷಧಿಯ ಬಗ್ಗೆ ಒಂದೂ ಪ್ರಶ್ನೆ ಕೇಳಲಿಲ್ಲ. ಅರ್ಜಿಯಲ್ಲಿ ನಾನು ಬರೆದಿದ್ದ ಚರ್ಚಾಸ್ಪರ್ಧೆಯ ಬಹುಮಾನಗಳನ್ನು ನೋಡಿ, “ಈ ಟ್ರಯಲ್ ಮಾಡಲೇಬಾರದು ಅಂತ ವಾದಿಸು ನೋಡೋಣ” ಎಂದರು. ನಾನು ಬಿಡಲಿಲ್ಲ. ವಿಷವನ್ನು ಔಷಧಿ ಎಂದು ಕರೆಯುವ ಧೈರ್ಯ, ದಾನಿಯ ತ್ಯಾಗದ ಮೇಲೆ ಪ್ರಯೋಗ ಮಾಡುವ ನೈತಿಕತೆ, ಬಡವರ ಒಪ್ಪಿಗೆ ಎಷ್ಟು ಸ್ವತಂತ್ರ, ಹೀಗೆ ಒಂದೊಂದಾಗಿ ಎತ್ತಿ ಒಗೆದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ಸಾಕು ಮಾರಾಯ್ತಿ. ನಾಳೆಯಿಂದ ಬಾ.”

“ವಿರೋಧ ಮಾಡಿದ್ದಕ್ಕೆ ಕೆಲಸವಾ ಸಾರ್?”

“ಹೌದಪ್ಪ. ಪರವಾಗಿ ಮಾತಾಡೋರು ಇಲ್ಲಿ ಬೇಕಾದಷ್ಟಿದ್ದಾರೆ. ನಾನೇ ಇದೀನಲ್ಲ.”

ಮೊದಲ ವಾರವೇ ಅವರು ಕಲಿಸಿದ ಒಂದು ಪಾಠ. ಬೆರಳಿಗೆ ಸಿಕ್ಕಿಸುವ ಕ್ಲಿಪ್ಪನ್ನು ನೀವೆಲ್ಲ ನೋಡಿರುತ್ತೀರಿ, ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ತೋರಿಸುವುದು. ನಮ್ಮ ಅನಿಲ ರಕ್ತಕ್ಕೆ ಸೇರಿದರೆ ಆ ಕ್ಲಿಪ್ಪು ಅದನ್ನೂ ಆಮ್ಲಜನಕ ಎಂದೇ ಲೆಕ್ಕ ಹಾಕುತ್ತದೆ. ಮನುಷ್ಯ ಒಳಗೇ ಉಸಿರುಗಟ್ಟುತ್ತಿದ್ದರೂ ಪರದೆಯ ಮೇಲೆ ಎಲ್ಲ ಸೊಗಸಾಗಿರುತ್ತದೆ. ಆದ್ದರಿಂದ ನಮಗೆ ಬೇರೆ ಯಂತ್ರ ಬೇಕಿತ್ತು. ಅದು ಬರುವವರೆಗೆ ರೋಗಿಯ ಮಣಿಕಟ್ಟಿನ ರಕ್ತನಾಳದಿಂದ ಮತ್ತೆ ಮತ್ತೆ ರಕ್ತ ತೆಗೆದು ಪರೀಕ್ಷಿಸುತ್ತಿದ್ದೆವು. ಆ ಚುಚ್ಚುವಿಕೆಗೆ ಹೋಲಿಸಿದರೆ ಆಪರೇಷನ್ನೇ ವಾಸಿ ಎಂದವರುಂಟು. ಹೊಸ ಯಂತ್ರ ಬಂದ ದಿನ ನರ್ಸುಗಳು ಅದಕ್ಕೆ ಕುಂಕುಮ ಹಚ್ಚಿದರು.

ಯಂತ್ರ ನಿಜ ಹೇಳಿದರೂ ನಾವು ತಪ್ಪಬಹುದು ಎಂದು ತೋರಿಸಿದವರು ಆಲ್ಕೊಳದ ಭಾಗೀರಥಮ್ಮ. ಪೌರೋಹಿತ್ಯದ ಮನೆಯವರು, ಒಡಹುಟ್ಟಿದ ತಮ್ಮನ ಕಿಡ್ನಿ ಹಾಕಿಸಿಕೊಳ್ಳಲು ಬಂದಿದ್ದರು. ಆಪರೇಷನ್ನಿಗೆ ಮೊದಲು, ಅನಿಲ ಕೊಡುವುದಕ್ಕೂ ಮೊದಲು, ರಕ್ತ ನೋಡಿದರೆ ಅದರಲ್ಲಿ ಆಗಲೇ ಕಾರ್ಬನ್ ಮಾನಾಕ್ಸೈಡ್ ಇದೆ. ಅದೂ ಹೊಗೆಬತ್ತಿ ಸೇದುವವರಲ್ಲಿ ಇರುವಷ್ಟು. ನಿಯಮದ ಪ್ರಕಾರ ನಾನು ಕೇಳಲೇಬೇಕಾದ ಪ್ರಶ್ನೆ ಒಂದಿತ್ತು. ಕೇಳಿದೆ.

“ಅಮ್ಮಾ, ಬೀಡಿ, ಸಿಗರೇಟು ಏನಾದ್ರೂ ಅಭ್ಯಾಸ ಇದೆಯಾ?”

ಪಕ್ಕದಲ್ಲಿ ಕೂತಿದ್ದ ಅವರ ಯಜಮಾನರು ಎದ್ದು ನಿಂತರು. “ಏನಂದ್ರಿ? ಯಾರ ಮನೆಯೋರು ಅಂತ ತಿಳ್ಕೊಂಡು ಮಾತಾಡ್ತಿದೀರಾ?”

ಭಾಗೀರಥಮ್ಮ ಮಾತ್ರ ಸೆರಗು ಬಾಯಿಗಿಟ್ಟು ನಗುತ್ತಿದ್ದರು. “ಕೂತ್ಕೊಳ್ಳಿ, ಸುಮ್ನೆ. ಕೇಳಿದ್ರೆ ಏನೀಗ? ಒಂದ್ಸಲ ಸೇದಿ ನೋಡ್ಬೇಕಿತ್ತು.”

ನಾನು ಶ್ರೀಪಾದ ಡಾಕ್ಟರ ಕೋಣೆಗೆ ಹೋಗಿ, ಯಂತ್ರ ಕೆಟ್ಟಿದೆ, ಇಲ್ಲವೇ ಆಕೆ ಸುಳ್ಳು ಹೇಳುತ್ತಿದ್ದಾರೆ ಎಂದೆ. ಯಂತ್ರವನ್ನು ಡಾಕ್ಟರ ಬೆರಳಿಗೂ ನನ್ನ ಬೆರಳಿಗೂ ಹಾಕಿ ನೋಡಿದೆವು, ಸರಿಯಾಗಿತ್ತು. “ಯಂತ್ರಾನೂ ನಿಜ ಹೇಳ್ತಿದೆ, ಆಯಮ್ಮನೂ ನಿಜ ಹೇಳ್ತಿದಾರೆ ಅಂದ್ರೆ ಏನರ್ಥ?” ಎಂದು ಡಾಕ್ಟರು ಕೇಳಿದರು. ಉತ್ತರವನ್ನೂ ಅವರೇ ಕೊಟ್ಟರು. “ನಿನ್ನ ಪ್ರಶ್ನೆ ಸರಿಯಿಲ್ಲ ಅಂತ.”

ವಾಪಸ್ ಹೋಗಿ ಪ್ರಶ್ನೆ ಬದಲಿಸಿದೆ. ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡಿದಿರಿ, ಹೇಳಿ ಎಂದೆ. ಬಚ್ಚಲ ಒಲೆ ಊದಿ ಬಂದೆ ಎಂದರು. ಬಚ್ಚಲಿಗೆ ಇದ್ದದ್ದು ಅಂಗೈಯಗಲದ ಕಿಂಡಿ. ಹಸಿ ಸೌದೆ. ಯಜಮಾನರ ಸ್ನಾನಕ್ಕೆ ಹಂಡೆ ತುಂಬ ನೀರು ಕಾಯಿಸಿ, ಅಲ್ಲಿಂದ ನೇರ ಆಸ್ಪತ್ರೆಗೆ ಬಂದಿದ್ದರು. ನನ್ನ ಹಿಂದೆಯೇ ಬಂದಿದ್ದ ಡಾಕ್ಟರು ಯಜಮಾನರತ್ತ ನೋಡಿ, “ಭಟ್ರೇ, ಗೀಸರ್ ಹಾಕಿಸಿ” ಎಂದರು. “ನಾನು ಬೇಡ ಅಂದಿದೀನಾ? ಗೀಸರ್ ನೀರು ಮೈಗೆ ಹತ್ತಲ್ಲ ಅನ್ನೋಳು ಇವಳೇ” ಎಂದು ಭಟ್ಟರು ಕಿಟಕಿಯ ಕಡೆ ತಿರುಗಿದರು. ಅಂದಿನಿಂದ ನಮ್ಮಲ್ಲಿ ಬೀಡಿಯ ಪ್ರಶ್ನೆ ಎರಡನೆಯದಾಯಿತು. “ಇವತ್ತು ಬೆಳಿಗ್ಗೆಯಿಂದ ಎಲ್ಲೆಲ್ಲಿ ಹೊಗೆ ಕುಡಿದ್ರಿ?” ಎನ್ನುವುದು ಮೊದಲನೆಯದು.

ಆಪರೇಷನ್ ಆದ ಮೇಲೆ ಅದೇ ಭಾಗೀರಥಮ್ಮ ಇನ್ನೂ ದೊಡ್ಡ ಪಾಠ ಕಲಿಸಿದರು. ದಿನಕ್ಕೊಮ್ಮೆ ಒಂದು ಗಂಟೆ ಮಾಸ್ಕು ಹಾಕಿ, ನಡುನಡುವೆ ಕೇಳುತ್ತೇವೆ: ತಲೆನೋವು? ವಾಕರಿಕೆ? ತಲೆಸುತ್ತು? ಮೂರಕ್ಕೂ ಅವರದು ಒಂದೇ ಉತ್ತರ, “ಏನಿಲ್ಲಮ್ಮ, ಆರಾಮಾಗಿದೀನಿ.” ನಾನು ಖುಷಿಯಿಂದ ‘ಇಲ್ಲ, ಇಲ್ಲ, ಇಲ್ಲ’ ಎಂದು ಗುರುತು ಹಾಕಿಕೊಂಡು ಹೊರಗೆ ಬಂದೆ. ಪೆನ್ನು ಮರೆತು ಮತ್ತೆ ಒಳಗೆ ಕಾಲಿಟ್ಟರೆ, ಅವರು ನಾದಿನಿಯ ಜೊತೆ ಫೋನಿನಲ್ಲಿದ್ದರು. “ತಲೆ ಸಿಡೀತಿದೆ ಕಣೇ. ಹೇಳ್ಲಿಲ್ಲ. ಪಾಪ, ಆ ಡಾಕ್ಟ್ರು ಎಷ್ಟು ಕಷ್ಟಪಟ್ಟಿದಾರೆ, ಬೇಜಾರ್ ಮಾಡ್ಕೋತಾರೆ.”

ಇದು ನಮ್ಮ ಕಡೆಯ ಸೌಜನ್ಯ. ಊಟಕ್ಕೆ ಕರೆದವರ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೂ ‘ರುಚಿಯಾಗಿದೆ’ ಎನ್ನುವವರು, ಜೀವ ಉಳಿಸಿದವರ ಎದುರು ತಲೆನೋವು ಎನ್ನುತ್ತಾರೆಯೇ? ಬೇರೆಲ್ಲ ಕಡೆ ಇದು ಒಳ್ಳೆಯ ಗುಣ. ಅಪಾಯ ಹುಡುಕುವ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಅಪಾಯ ಇಲ್ಲ. ರೋಗಿ ದೂರು ಹೇಳದಿದ್ದರೆ ವಿಷವೂ ಅಮೃತವೆಂದು ದಾಖಲಾಗುತ್ತದೆ. ನಮಗೆ ಬೇಕಾಗಿದ್ದದ್ದು ಜಗಳಗಂಟಿ ರೋಗಿಗಳು, ಸಿಗುತ್ತಿದ್ದವರು ಸಜ್ಜನರು. ಏನು ಮಾಡುವುದೆಂದು ತಿಳಿಯದೆ ಸವಳಂಗ ರಸ್ತೆಯ ಟೀ ಅಂಗಡಿಯಲ್ಲಿ ಡಾಕ್ಟರೂ ನಾನೂ ಎಷ್ಟು ಸಲ ಜಗಳವಾಡಿದ್ದೇವೋ.

ಆಗ ಬಂದವರು ಆರ್ಮುಗಂ, ಸರೋಜಮ್ಮ.

ಆರ್ಮುಗಂ ಭದ್ರಾವತಿಯವರು, ಕಬ್ಬಿಣದ ಕಾರ್ಖಾನೆಯ ಫರ್ನೇಸ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಮನೆಮಾತು ತಮಿಳು, ಬೀದಿಮಾತು ಕನ್ನಡ, ಗಂಟಲು ಸೈರನ್ನಿನಂಥದು. ಬಿ.ಪಿ. ಜಾಸ್ತಿಯಾಗಿ ಎರಡೂ ಕಿಡ್ನಿ ಹೋಗಿದ್ದವು. ಕಿಡ್ನಿ ಕೊಡುವವರು ಹೆಂಡತಿ ಸರೋಜಮ್ಮ. ಸಣ್ಣ ಮೈಯ, ಕಡಿಮೆ ಮಾತಿನ ಹೆಂಗಸು. ಟ್ರಯಲ್ಲಿಗೆ ಒಪ್ಪಿಗೆ ಕೇಳಲು ನಾನು ಇಬ್ಬರನ್ನೂ ಕೂರಿಸಿಕೊಂಡೆ.

“ಯಾವ ಗ್ಯಾಸು ಮಾ?” ಎಂದರು ಆರ್ಮುಗಂ.

“ಕಾರ್ಬನ್ ಮಾನಾಕ್ಸೈಡ್.”

ಅವರು ಹೆಂಡತಿಯ ಕಡೆ ತಿರುಗಿದರು. “ಕೇಳಿದ್ಯಾ ಸರೋಜಾ? ನಮ್ ಫರ್ನೇಸ್ ಗ್ಯಾಸು. ಸರ್ವೀಸ್ ಪೂರ್ತಿ ನನ್ನ ಹಿಂದೆ ಬಿದ್ದಿತ್ತು. ರಿಟೈರ್ ಆದ್ಮೇಲೂ ಬಿಡ್ಲಿಲ್ಲ ನೋಡು, ಅಡ್ರೆಸ್ ಹುಡುಕ್ಕೊಂಡು ಆಸ್ಪತ್ರೆಗೇ ಬಂದಿದೆ.”

“ಪ್ರಮಾಣ ತುಂಬಾ ಕಮ್ಮಿ ಇರುತ್ತೆ” ಎಂದೆ.

“ನಂಗೇನು ಲಾಭ?”

“ನಿಮಗೆ ಲಾಭ ಆಗುತ್ತೆ ಅಂತ ನಾನು ಹೇಳೋಹಾಗಿಲ್ಲ.”

“ನಷ್ಟ?”

“ಇದೆಯೋ ಇಲ್ವೋ ಅಂತ ನೋಡೋದೇ ಈ ಟ್ರಯಲ್ಲು.”

“ಚೆನ್ನಾಗಿದೆ ಮಾ ನಿಮ್ ವ್ಯಾಪಾರ! ಈ ಹಾಲು ಕೆಟ್ಟಿದೆಯಾ ಕುಡಿದು ನೋಡಿ, ಕೆಟ್ಟಿಲ್ಲ ಅಂದ್ರೆ ಮುಂದಿನವರಿಗೆ ಕಾಫಿ ಮಾಡ್ಕೊಡ್ತೀವಿ ಅಂದಂಗಾಯ್ತು.”

ಸರೋಜಮ್ಮ ಚೀಲ ಎತ್ತಿಕೊಂಡರು. “ಬೇಡ. ನಡೀರಿ.”

ಚರ್ಚಾವೇದಿಕೆಯಲ್ಲಾಗಿದ್ದರೆ ನನ್ನ ಹತ್ತಿರ ಉತ್ತರಗಳಿದ್ದವು. ಆದರೆ ನಾನು ಕೆಲಸಕ್ಕೆ ಸೇರಿದ ದಿನವೇ ಶ್ರೀಪಾದ ಡಾಕ್ಟರು ಎಚ್ಚರಿಸಿದ್ದರು: “ಒಪ್ಪಿಗೆ ಕೇಳುವಾಗ ನೀನು ಗೆದ್ರೆ, ಆ ಒಪ್ಪಿಗೆ ಕ್ಯಾನ್ಸಲ್.” ಹುಡುಗಿಯರೇ, ಇದನ್ನು ಮೇಜಿನ ಮೇಲೆ ಅಂಟಿಸಿಕೊಳ್ಳಿ. ಒಲ್ಲೆ ಅಂದರೂ ಚಿಕಿತ್ಸೆಯಲ್ಲಿ ಏನೂ ಕಡಿಮೆಯಾಗುವುದಿಲ್ಲ ಎಂದಷ್ಟೇ ಹೇಳಿದೆ.

ಎದ್ದಿದ್ದ ಆರ್ಮುಗಂ ಮತ್ತೆ ಕೂತರು. ಗ್ಯಾಸಿನ ಮಾತು ಬಂದರೆ ಅವರಿಗೆ ಎದ್ದು ಹೋಗಲು ಆಗುತ್ತಿರಲಿಲ್ಲ. “ನಿಮ್ಗೆ ಗೊತ್ತಾ ಮಾ, ಗ್ಯಾಸ್ ಲೈನ್ ಹತ್ರ ಒಬ್ರೇ ಹೋಗೋಹಾಗಿಲ್ಲ. ಜೋಡಿ ಜೋಡಿ. ಯಾಕೆ? ಗ್ಯಾಸ್ ಹೊಡೆದೋನಿಗೆ ಹೊಡೆದಿದೆ ಅಂತ ಗೊತ್ತಾಗಲ್ಲ. ‘ನಾನು ಸರಿ ಇದೀನಿ’ ಅಂತಾನೇ ಬೀಳ್ತಾನೆ. ಅದಕ್ಕೆ ನನ್ನ ನಾನು ನೋಡ್ಕೊಳ್ಳಲ್ಲ, ನನ್ನ ಜೋಡಿ ನೋಡ್ತಾನೆ. ಕೆಲಸ ಮಾಡ್ತಾ ಮಾಡ್ತಾ ಕೇಳೋದು, ‘ಮನೇಲಿ ಏನ್ ಸಾರು?’ ಟಕ್ ಅಂತ ಉತ್ತರ ಬರ್ಬೇಕು. ತಡ ಆಯ್ತಾ, ಕಾಲರ್ ಹಿಡ್ಕೊಂಡು ಹೊರಗೆ ಎಳೆಯೋದು. ‘ಇಲ್ಲ ಇಲ್ಲ, ಚೆನ್ನಾಗಿದೀನಿ’ ಅಂತ ಬಡ್ಕೊಂಡ್ರೂ ಬಿಡೋಹಾಗಿಲ್ಲ. ಮೊದ್ಲು ಎಳಿ, ಆಮೇಲೆ ಜಗಳ. ಹೊರಗೆ ಬಂದು ಮಜ್ಜಿಗೆ ಕುಡಿದ್ರೆ ಗ್ಯಾಸ್ ಇಳೀತು.”

ಇಷ್ಟಕ್ಕೆ ನಾನು ಸುಮ್ಮನಿರಲಾರದೆ ಹೋದೆ. “ಮಜ್ಜಿಗೆಗೆ ಗ್ಯಾಸ್ ಇಳಿಯಲ್ಲ ಸಾರ್. ಅದನ್ನ ರಕ್ತದಿಂದ ಬಿಡಿಸೋದು ಆಮ್ಲಜನಕ, ಒಳ್ಳೆ ಗಾಳಿ.”

“ಸರಿ ಮಾ. ಮಜ್ಜಿಗೆ ಎಲ್ಲಿತ್ತು?”

“ಎಲ್ಲಿತ್ತು?”

“ಕ್ಯಾಂಟೀನಲ್ಲಿ. ಕ್ಯಾಂಟೀನ್ ಎಲ್ಲಿತ್ತು? ಹೊರಗೆ. ಬರೀ ಗಾಳಿ ಕುಡಿ ಅಂದ್ರೆ ಯಾವನ್ ಬರ್ತಾನೆ?”

ಸರೋಜಮ್ಮ ಅಂದು ಮೊದಲ ಸಲ ನಕ್ಕರು. ನಾನೂ ನಕ್ಕೆ. ಈ ಸುತ್ತು ಸಮ ಎಂದು ಇಬ್ಬರೂ ಒಪ್ಪಿಕೊಂಡೆವು.

ಒಂದು ವಾರ ಯೋಚಿಸಿ ಅವರು ಮತ್ತೆ ಬಂದರು. ಆರ್ಮುಗಂ ಕ್ಯಾಮೆರಾದ ಎದುರು ಒಪ್ಪಿಗೆ ಕೊಟ್ಟರು. ಯಾಕೆ ಒಪ್ಪಿದಿರಿ ಎಂದು ಕೇಳಲೇಬೇಕಿತ್ತು, ಕೇಳಿದೆ. “ಆ ಗ್ಯಾಸಿಗೆ ನಾನು ಅಷ್ಟು ವರ್ಷ ಕೂಲಿ ಮಾಡಿದೀನಿ. ಒಂದ್ಸಲ ಅದು ನಂಗೆ ಕೂಲಿ ಮಾಡ್ಲಿ” ಎಂದರು. ಸರೋಜಮ್ಮನದು ಒಂದು ಷರತ್ತಿತ್ತು. ಮಾಸ್ಕು ಹಾಕಿದಾಗಲೆಲ್ಲ ತಾನು ಪಕ್ಕದಲ್ಲಿ ಕೂರಬೇಕು, ತಾನೇ ಸಾರು ಕೇಳಬೇಕು.

“ಇವರು ಚೆನ್ನಾಗಿದೀನಿ ಅಂತ ಸುಳ್ಳು ಹೇಳ್ತಾರೆ ಮೇಡಂ. ಡಯಾಲಿಸಿಸ್ ಶುರು ಆಗೋ ಹಿಂದಿನ ದಿನದವರೆಗೂ ಚೆನ್ನಾಗಿದೀನಿ ಅಂತಾನೇ ಹೇಳ್ತಿದ್ರು. ಈಗ ಹಾಕ್ತಿರೋ ಕಿಡ್ನಿ ನಂದು. ಹಾಳಾದ್ರೆ ಇನ್ನೊಂದು ಕೊಡೋಕೆ ನನ್ನ ಹತ್ರ ಇಲ್ಲ.”

ನಿಯಮದಲ್ಲಿ ಇದಕ್ಕೆ ಜಾಗ ಇರಲಿಲ್ಲ. ಅನಿಲ ಕೊಡುವ ಕೋಣೆಗೆ ತರಬೇತಿ ಪಡೆದ ಸಿಬ್ಬಂದಿ ಮಾತ್ರ ಬರಬೇಕು. ಶ್ರೀಪಾದ ಡಾಕ್ಟರು ನನ್ನನ್ನು ಆಸ್ಪತ್ರೆಯ ನೈತಿಕ ಸಮಿತಿಯ ಮುಂದೆ ಕಳಿಸಿದರು. “ಅಲ್ಲಿ ಗೆಲ್ಲು, ಅಲ್ಲಿ ಗೆದ್ರೆ ತಪ್ಪಿಲ್ಲ.” ನನ್ನ ವಾದ ಇಷ್ಟೇ ಇತ್ತು: ನಮ್ಮ ಯಂತ್ರ ರಕ್ತವನ್ನು ನೋಡುತ್ತದೆ, ನಾವು ಯಂತ್ರವನ್ನು ನೋಡುತ್ತೇವೆ, ಮನುಷ್ಯನನ್ನು ನೋಡುವವರು ಯಾರೂ ಇಲ್ಲ. ಆಗತಾನೇ ಆಪರೇಷನ್ ಆದ ದಾನಿಗೆ ಅನಿಲ ಸೋರಿ ತಗುಲಿದರೆ ಎಂದು ಸಮಿತಿ ಕೇಳಿತು. ಗೋಡೆಯ ಮೇಲೆ ಅಲಾರಂ ಇದೆ, ಫ್ಯಾನು ಗಾಳಿಯನ್ನು ಹೊರಗೆ ಎಳೆಯುತ್ತದೆ, ಗಾಲಿಕುರ್ಚಿಯನ್ನು ಬಾಗಿಲ ಬಳಿಯೇ ಇಡುತ್ತೇವೆ ಎಂದೆ. ಒಪ್ಪಿದರು.

ಆಪರೇಷನ್ ಚೆನ್ನಾಗಿ ಆಯಿತು. ಕಿಡ್ನಿ ವಾರ್ಡಿನಲ್ಲಿ ಚಿನ್ನ ಎಂದರೆ ಮೂತ್ರ. ಆರ್ಮುಗಂ ಅವರ ಚೀಲ ತುಂಬುತ್ತಿತ್ತು, ನರ್ಸುಗಳ ಮುಖವೂ ಅರಳಿತ್ತು. ಮೊದಲೆರಡು ಸಲದ ಮಾಸ್ಕು ಯಾವ ತೊಂದರೆಯೂ ಇಲ್ಲದೆ ಮುಗಿಯಿತು. ಸರೋಜಮ್ಮ ಹೊಟ್ಟೆಯ ಹೊಲಿಗೆಗೆ ಒಂದು ದಿಂಬು ಒತ್ತಿ ಹಿಡಿದು, ಬಾಗಿಲ ಬಳಿ ಗಾಲಿಕುರ್ಚಿಯಲ್ಲಿ ಕೂತು ಕೇಳುವರು. ಆಸ್ಪತ್ರೆಯ ಗಂಜಿಯಲ್ಲಿ ಸಾರಿನ ಮಾತೇ ಇಲ್ಲವಾದ್ದರಿಂದ, ಬೇಕೆನಿಸಿದ ಸಾರಿನ ಹೆಸರು ಹೇಳಬೇಕು ಎಂದು ಗಂಡ ಹೆಂಡತಿ ಕರಾರು ಮಾಡಿಕೊಂಡಿದ್ದರು.

ಮೂರನೆಯ ಸಲ ಮಧ್ಯಾಹ್ನ. ಡಾಕ್ಟರು ಕೆಳಗೆ ಓ.ಪಿ.ಡಿ.ಯಲ್ಲಿದ್ದರು. ಕೋಣೆಯಲ್ಲಿ ನಾನು, ಒಬ್ಬ ನರ್ಸು, ಇವರಿಬ್ಬರು.

“ರೀ, ಏನ್ ಸಾರು?”

“ಮೀನ್ ಸಾರು!” ಮಾಸ್ಕಿನೊಳಗಿಂದ ಸೈರನ್ನು.

“ಕನಸು ಕಾಣಿ.”

ಸ್ವಲ್ಪ ಹೊತ್ತಾಯಿತು. “ಏನ್ ಸಾರು?”

“ಕರುವಾಡು.”

“ಒಣಮೀನಾ? ಅಷ್ಟು ಉಪ್ಪಾ? ನನ್ನ ಕಿಡ್ನಿಗೆ?” ನರ್ಸು ನಕ್ಕಳು. ನಾನು ಯಂತ್ರದ ಅಂಕಿ ನೋಡಿದೆ, ಇರಬೇಕಾದ ಮಿತಿಯೊಳಗೇ ಇತ್ತು. ಬಿ.ಪಿ. ಪಟ್ಟಿ ಆಗಷ್ಟೇ ಉಬ್ಬಿ ಇಳಿದಿತ್ತು, ಅದೂ ಸರಿ ಇತ್ತು.

“ಏನ್ ಸಾರು?” ಸರೋಜಮ್ಮ ಮತ್ತೆ ಕೇಳಿದರು.

ಉತ್ತರ ಬರಲಿಲ್ಲ. ಆಮೇಲೆ ಬಂತು, “ಅದೇ.”

“ಯಾವ್ದು ಅದೇ?”

“ಅದೇ… ಮಾಡ್ತಿಯಲ್ಲ.”

ಸರೋಜಮ್ಮ ಕುರ್ಚಿಯಲ್ಲಿ ನೆಟ್ಟಗಾದರು. “ಮೇಡಂ, ತೆಗೀರಿ.”

ನಾನು ಅಂಕಿ ನೋಡಿದೆ. ನಾಡಿ ನೋಡಿದೆ. ಏನೂ ಬದಲಾಗಿರಲಿಲ್ಲ. ವಾದ ನಾಲಗೆಯ ತುದಿಗೆ ಬಂದೇಬಿಟ್ಟಿತು. “ಸರೋಜಮ್ಮ, ಎಲ್ಲ ನಂಬರ್ ಸರಿ ಇದೆ. ನೋವಿನ ಔಷಧಿ ಕೊಟ್ಟಿದಾರೆ, ಮಂಪರು ಇರಬಹುದು…”

“ವಾದ ಆಮೇಲೆ ಕಣಮ್ಮ! ಮೊದ್ಲು ಎಳಿ!”

ಮೆಲುಮಾತಿನ ಆ ಹೆಂಗಸಿನ ಗಂಟಲಿನಿಂದ ಆ ದನಿ ಬರುತ್ತದೆಂದು ನಾನು ಎಣಿಸಿರಲಿಲ್ಲ. ಮಾಸ್ಕು ಕಿತ್ತೆ, ಅನಿಲ ನಿಲ್ಲಿಸಿದೆ, ಆಮ್ಲಜನಕ ಹಾಕಿದೆ. ಸರದಿಗೆ ಕಾಯದೆ ಬಿ.ಪಿ. ನೋಡು ಎಂದು ನರ್ಸಿಗೆ ಹೇಳಿದೆ. ಪಟ್ಟಿ ಉಬ್ಬಿತು, ಇಳಿಯಿತು. ಬಿ.ಪಿ.ಯೂ ಇಳಿದಿತ್ತು, ಹೆದರುವಷ್ಟು. ಒಳಗೆಲ್ಲೋ ರಕ್ತ ಸೋರಿ ಹೀಗಾದರೆ ನಾಡಿ ಓಡಬೇಕು, ನಿಜ. ಆದರೆ ಬಿ.ಪಿ.ಗೆಂದು ಅವರು ನುಂಗುತ್ತಿದ್ದ ಮಾತ್ರೆ ನಾಡಿಯನ್ನು ಕಟ್ಟಿಹಾಕಿತ್ತು. ಪರದೆ ಸುಮ್ಮನಿದ್ದದ್ದು ಅದಕ್ಕೇ.

ಡಾಕ್ಟರು ಮೆಟ್ಟಿಲು ಹತ್ತಿ ಓಡಿ ಬಂದರು. ಹೊಟ್ಟೆಯ ಮೇಲೆ ಕೈ ಇಟ್ಟರು, ಸ್ಕ್ಯಾನ್ ಯಂತ್ರ ತರಿಸಿದರು. ಹೊಸ ಕಿಡ್ನಿಯ ಸುತ್ತ ರಕ್ತ ಕಟ್ಟಿಕೊಂಡು ಅದನ್ನು ಅಮುಕುತ್ತಿತ್ತು. ಮಂಚವನ್ನು ಹಾಗೇ ಉರುಳಿಸಿಕೊಂಡು ಆಪರೇಷನ್ ಥಿಯೇಟರಿಗೆ ಹೋದರು.

ಥಿಯೇಟರಿನ ಹೊರಗೆ ಸರೋಜಮ್ಮನೂ ನಾನೂ ಕೂತೆವು. ಆಕೆ ದಿಂಬನ್ನು ತನ್ನ ಪಕ್ಕೆಗೆ ಒತ್ತಿಕೊಂಡೇ ಇದ್ದರು. ಒಳಗೆ ಹೋಗಿರುವುದು ಗಂಡ ಮಾತ್ರ ಅಲ್ಲ, ತನ್ನ ದೇಹದ ತುಂಡೂ ಎಂದು ಆ ಕೈಗೆ ಗೊತ್ತಿದ್ದಂತಿತ್ತು.

“ಮೇಡಂ, ಅದು ಹೋಯ್ತು ಅಂದ್ರೆ, ಇನ್ನೊಂದನ್ನೂ ತಗೊಳ್ತಾರಾ?”

ಇಲ್ಲವೆಂದು ತಲೆಯಾಡಿಸಿದೆ.

“ಗೊತ್ತು. ಸುಮ್ನೆ ಕೇಳ್ದೆ.”

ಶ್ರೀಪಾದ ಡಾಕ್ಟರು ಹೊರಗೆ ಬಂದಾಗ ತಲೆಯ ಟೋಪಿ ಒದ್ದೆಯಾಗಿತ್ತು. ಒಂದು ಸಣ್ಣ ರಕ್ತನಾಳದ ಕಟ್ಟು ಜಾರಿತ್ತು, ಸರ್ಜನ್ನರು ಮತ್ತೆ ಕಟ್ಟಿದ್ದಾರೆ ಎಂದರು. ಸರೋಜಮ್ಮ ಅದನ್ನೆಲ್ಲ ಕೇಳಿಸಿಕೊಳ್ಳಲಿಲ್ಲ.

“ಉಚ್ಚೆ ಬರ್ತಿದೆಯಾ?”

“ಬರ್ತಿದೆ ತಾಯಿ. ಇನ್ನೊಂದು ಸ್ವಲ್ಪ ತಡ ಆಗಿದ್ರೆ ಬರ್ತಿರ್ಲಿಲ್ಲ.”

ಆಗ ಆಕೆ ದಿಂಬಿಗೆ ಮುಖ ಒತ್ತಿ ಅತ್ತರು.

ಇನ್ನು ವೃತ್ತಿಯ ಮಾತು. ಇಂಥ ಘಟನೆಯಾದರೆ ವರದಿಯಲ್ಲಿ ಒಂದು ಕಲಮು ತುಂಬಬೇಕು: ಇದಕ್ಕೂ ಅನಿಲಕ್ಕೂ ಸಂಬಂಧ ಇದೆಯೇ, ಇಲ್ಲವೇ? ಡಾಕ್ಟರು ಇಲ್ಲ ಎಂದರು. “ಕಟ್ಟು ಜಾರಿದ್ದು ಮಾರಾಯ್ತಿ, ಗ್ಯಾಸ್ ಬಂದು ಬಿಚ್ಚಿತಾ?” ಔಷಧಿ ಕಂಪನಿಯಿಂದ ತಪಾಸಣೆಗೆ ಬಂದವನಿಗೂ ಇಲ್ಲ ಎಂಬುದೇ ಹಿತವಾಗಿತ್ತು. ಸರೋಜಮ್ಮನನ್ನು ಕೇಳಿದ್ದರೆ ಇದೆ ಎನ್ನುತ್ತಿದ್ದರೋ ಏನೋ. ನನ್ನ ಪಕ್ಷ ಬೇರೆಯೇ ಇತ್ತು. ಕಟ್ಟು ಜಾರಿದ್ದು ಗ್ಯಾಸಿನಿಂದ ಅಲ್ಲ, ಒಪ್ಪಿದೆ. ಆದರೆ ರಕ್ತ ಹೆಪ್ಪುಗಟ್ಟುವುದನ್ನು ಈ ಅನಿಲ ಕೊಂಚ ತಡೆಯಬಹುದು ಎಂಬ ಅನುಮಾನ ಮೊದಲಿನಿಂದಲೂ ಇತ್ತಲ್ಲ? ತಾನಾಗಿ ನಿಲ್ಲಬಹುದಾಗಿದ್ದ ರಕ್ತ ಅದರಿಂದಾಗಿ ನಿಲ್ಲಲಿಲ್ಲ ಎಂದಾದರೆ? ಸವಳಂಗ ರಸ್ತೆಯ ಅಂಗಡಿಯಲ್ಲಿ ಟೀ ಆರಿತು, ಇನ್ನೊಂದು ಟೀ ಬಂತು, ಅದೂ ಆರಿತು. ಕೊನೆಗೆ ಡಾಕ್ಟರು ಪೆನ್ನು ತೆಗೆದು ‘ಹೇಳಲಾಗದು’ ಎಂದು ಬರೆದು ಸಹಿ ಹಾಕಿದರು.

“ಗೆದ್ದೆ ಅಂದ್ಕೋಬೇಡ. ನಂಗೆ ಗೊತ್ತಿಲ್ಲ, ಅದಕ್ಕೆ ಗೊತ್ತಿಲ್ಲ ಅಂತ ಬರ್ದೆ.”

ನಾನು ಕಂಡ ಮೇಲಧಿಕಾರಿಗಳ ಸಹಿಗಳಲ್ಲಿ ಅದಕ್ಕಿಂತ ಚೆಂದದ್ದು ಇನ್ನೊಂದಿಲ್ಲ.

ಆಮೇಲೆ ನಮ್ಮ ವಿಧಾನವೇ ಬದಲಾಯಿತು. ಪ್ರತಿ ರೋಗಿಗೂ ಮನೆಯವರೊಬ್ಬರು ಜೋಡಿ. ರೋಗಿಯನ್ನು ಹೇಗಿದೀರಿ ಎಂದು ಕೇಳುವ ಜೊತೆಗೆ, ಇವರು ಹೇಗಿದಾರೆ ಎಂದು ಜೋಡಿಯನ್ನೂ ಕೇಳುವುದು. ಸಜ್ಜನರ ಬಾಯಿಂದ ಬರದ ದೂರುಗಳೆಲ್ಲ ಅತ್ತಿಗೆ, ಅಳಿಯ, ಹೆಂಡತಿಯರ ಬಾಯಿಂದ ಧಾರಾಳವಾಗಿ ಬಂದವು. “ಇವ್ನು ತಲೆ ನೋಯ್ತಿಲ್ಲ ಅಂತಾನೆ ಮೇಡಂ, ಹುಬ್ಬು ನೋಡಿ ಹೆಂಗ್ ಗಂಟಾಗಿದೆ.” ಆ ಕೋಣೆ ಆಸ್ಪತ್ರೆಯಂತಿರುತ್ತಿರಲಿಲ್ಲ, ಮದುವೆಮನೆಯ ಅಡುಗೆಕೋಣೆಯಂತಿರುತ್ತಿತ್ತು. ಈಗಲೂ ಆ ಗದ್ದಲ ಕಿವಿಯಲ್ಲಿದೆ. ಈಗ ನಾನು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ, ಅಲ್ಲಿ ತರಗತಿ ತಣ್ಣಗಿದ್ದರೆ ನನಗೆ ಭಯವಾಗುತ್ತದೆ.

ಆ ಅನಿಲ ಔಷಧಿಯಾಯಿತೇ ಎಂದು ಹುಡುಗಿಯರು ಕೇಳಿದರು. ನನಗೆ ತಿಳಿದ ಮಟ್ಟಿಗೆ ಇನ್ನೂ ಇಲ್ಲ. ನಾವು ಕೊಟ್ಟ ಪ್ರಮಾಣದಲ್ಲಿ ಎದ್ದುಕಾಣುವ ಕೇಡು ಕಾಣಲಿಲ್ಲ. ಅಷ್ಟನ್ನು ಹೇಳಿ ನಮ್ಮ ಘಟಕ ಬಾಗಿಲು ಹಾಕಿತು. ಹಾಗಾದರೆ ಮಾಡಿದ್ದೆಲ್ಲ ವ್ಯರ್ಥವೇ? ಇದನ್ನು ಎರಡೂ ಪಕ್ಷದಿಂದ ವಾದಿಸಬಲ್ಲೆ, ಬೇಡ.

ಕಳೆದ ತಿಂಗಳು ಭದ್ರಾವತಿಗೆ ಹೋಗಿದ್ದೆ. ಆರ್ಮುಗಂ ದಪ್ಪಗಾಗಿದ್ದಾರೆ, ಗಂಟಲು ಹಾಗೇ ಇದೆ. ಕೂತ ಕೂಡಲೇ ಮಜ್ಜಿಗೆಯ ವಾದ ಮತ್ತೆ ಶುರುವಾಯಿತು. ನಾನು ಆಮ್ಲಜನಕದ ಪರ ಅರ್ಧ ದಾರಿ ಬಂದಿದ್ದೆ, ಒಳಗಿನಿಂದ ಸರೋಜಮ್ಮನ ದನಿ ಕೇಳಿತು.

“ರೀ, ಏನ್ ಸಾರು?”

“ಹುರುಳಿ ಸಾರು!” ಅವರು ನನ್ನ ಮಾತನ್ನು ನಡುವೆಯೇ ಕತ್ತರಿಸಿ ಕೂಗಿದರು. ಆಮೇಲೆ ತಗ್ಗಿದ ದನಿಯಲ್ಲಿ, “ಮಾಡಿರೋದು ಅವಳೇ, ಅವಳಿಗೆ ಗೊತ್ತಿಲ್ವಾ ಮಾ? ದಿನಾ ಕೇಳ್ತಾಳೆ. ಒಂದ್ಸಲ ತಮಾಷೆಗೆ ಸುಮ್ನಿದ್ದೆ. ಸೌಟು ಬಿಸಾಕಿ ಓಡಿಬಂದ್ಳು, ಆ ಮುಖ ನೋಡೋಕಾಗ್ಲಿಲ್ಲ. ಇನ್ನು ಆ ತಮಾಷೆ ಮಾಡಲ್ಲ.”

ಸರೋಜಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ನನ್ನ ಮುಖವನ್ನು ಒಂದು ಗಳಿಗೆ ನೋಡಿದರು.

“ಮೇಡಂ, ನಿಮ್ಮನೇಲಿ ಏನ್ ಸಾರು?”

ನವುಲೆಯ ಮನೆಯಲ್ಲಿ ಬೆಳಿಗ್ಗೆ ಒಲೆ ಹಚ್ಚಿದ್ದೆನೇ, ಬರೀ ಬಿಸ್ಕತ್ತು ತಿಂದು ಬಸ್ಸು ಹತ್ತಿದ್ದೆನೇ ಎಂದು ನೆನಪಿಸಿಕೊಳ್ಳಲು ಹೋದೆ. ಉತ್ತರ ತಡವಾಯಿತು.

“ಇಲ್ಲ ಸರೋಜಮ್ಮ, ನಾನು…” ಎಂದು ಶುರುಮಾಡುವಷ್ಟರಲ್ಲಿ ಅವರು ನನ್ನ ಮಣಿಕಟ್ಟು ಹಿಡಿದು ಎಬ್ಬಿಸಿ, ತಟ್ಟೆ ಹಾಕಿದ್ದ ಕಡೆಗೆ ಎಳೆದುಕೊಂಡು ಹೊರಟಿದ್ದರು.